ಕಾಡಿನ ಅಣಬೆ: ಗುರುತು ತಪ್ಪಿದರೆ ಜೀವಕ್ಕೇ ಅಪಾಯ

ಅಣಬೆ ಅಭಕ್ಷ್ಯ, ಶ್ರಾವಕರ ಅಡುಗೆಮನೆಗೆ ಅದು ಬರುವುದಿಲ್ಲ. ಆದರೂ ಅದರ ವಿಷದ ಬಗ್ಗೆ ತಿಳಿದಿರುವುದು ಅಗತ್ಯ. ಮಲೆನಾಡು, ಕರಾವಳಿಯಲ್ಲಿ ಸಮಾಜದ ಅನೇಕರಿಗೆ ತೋಟಗಳಿವೆ. ಮಳೆ ಹಿಡಿದು ಗುಡುಗು ಶುರುವಾದರೆ ಅಲ್ಲಿ ದುಡಿಯುವ ಕುಟುಂಬಗಳು ಹುತ್ತದ ಅಣಬೆ ಹುಡುಕಿ ಹೊರಡುವುದು ವಾಡಿಕೆ. ಅವರಲ್ಲಿ ಯಾರಿಗಾದರೂ ವಿಷವೇರಿದರೆ ಮೊದಲು ಬಂದು ಬಾಗಿಲು ತಟ್ಟುವುದು ತೋಟದ ಮನೆಯನ್ನೇ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು ಕೆಲವೇ ದಿನಗಳಲ್ಲಿ 13 ಜನ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಕುಟುಂಬದವರು. ದಿಬ್ರುಗಢದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹತ್ತಾರು ಮಂದಿ ದಾಖಲಾಗಿದ್ದರು. ವರ್ಷವೂ ಅಣಬೆ ಆರಿಸಿ ಅಭ್ಯಾಸವಿದ್ದ ಪ್ರದೇಶದಲ್ಲೇ ಹೀಗಾಯಿತು.

ಅತಿ ಅಪಾಯದ್ದು ಅಮಾನಿಟಾ ಕುಲದ ಕೆಲವು ಅಣಬೆಗಳು. ಇವುಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಕುದಿಸಿದರೂ, ಹುರಿದರೂ, ಒಣಗಿಸಿದರೂ ಹೋಗುವುದಿಲ್ಲ. ರುಚಿಯಲ್ಲಿ ಕಹಿಯೂ ಇರುವುದಿಲ್ಲ. ತಿಂದ ಕೂಡಲೇ ಏನೂ ಆಗುವುದಿಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆ, ಕೆಲವೊಮ್ಮೆ ಇಡೀ ದಿನ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ನೀರಿನಂಥ ಭೇದಿ ಶುರುವಾಗುತ್ತದೆ. ಎರಡನೆಯ ದಿನದ ಹೊತ್ತಿಗೆ ಅದು ಇಳಿದು ರೋಗಿ ಎದ್ದು ಕೂರುತ್ತಾನೆ. ಮನೆಯವರು ಮೋಸಹೋಗುವುದು ಇಲ್ಲಿಯೇ. ವಾಸಿಯಾಯಿತೆಂದು ಆಸ್ಪತ್ರೆಯಿಂದ ಕರೆತರುವವರೂ ಇದ್ದಾರೆ. ಆದರೆ ಅದೇ ಸಮಯದಲ್ಲಿ ವಿಷ ಒಳಗೆ ಯಕೃತ್ತನ್ನು ಕೆಡಿಸುತ್ತಿರುತ್ತದೆ. ಮೂರು ನಾಲ್ಕನೆಯ ದಿನಕ್ಕೆ ಕಣ್ಣು ಹಳದಿಯಾಗುತ್ತದೆ, ಪ್ರಜ್ಞೆ ಮಸುಕಾಗುತ್ತದೆ. ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಕೆಲವರಿಗೆ ಯಕೃತ್ತಿನ ಕಸಿ ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ದೊಡ್ಡವರ ಪ್ರಾಣ ತೆಗೆಯಲು ಒಂದೇ ಅಣಬೆ ಸಾಕಾಗಬಹುದು. ಮಕ್ಕಳಿಗೆ ಅಷ್ಟೂ ಬೇಡ.

ಎಲ್ಲ ವಿಷದಣಬೆಗಳೂ ಇಷ್ಟು ಕ್ರೂರವಲ್ಲ. ಹುಲ್ಲುಹಾಸಿನಲ್ಲಿ ಏಳುವ, ಕೊಡೆಯ ಕೆಳಗಿನ ಪದರ ಬಲಿತಂತೆ ಹಸಿರಾಗುವ ದೊಡ್ಡ ನಾಯಿಕೊಡೆಯೊಂದಿದೆ. ಅದನ್ನು ತಿಂದರೆ ಒಂದೆರಡು ತಾಸಿನಲ್ಲೇ ಜೋರಾಗಿ ವಾಂತಿ ಭೇದಿಯಾಗುತ್ತದೆ. ಜೀವ ಹೋಗುವುದು ಅಪರೂಪ. ಬೇಗ ವಾಂತಿಯಾದದ್ದಕ್ಕಿಂತ ತಡವಾಗಿ ಆದದ್ದೇ ಹೆಚ್ಚು ಭಯಪಡಬೇಕಾದದ್ದು.

ಹಳ್ಳಿಗಳಲ್ಲಿ ಕೆಲವು ಪರೀಕ್ಷೆಗಳ ಮಾತು ಕೇಳಿಬರುತ್ತದೆ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ, ಹುಳ ತಿಂದಿದ್ದರೆ ಅಣಬೆ ಒಳ್ಳೆಯದಂತೆ. ಇದಾವುದೂ ನಿಜವಲ್ಲ. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ತಿಂದು ಸುಖವಾಗಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಹೆಸರು ಹೇಳಿಸುವ ಆ್ಯಪ್‌ಗಳನ್ನೂ ನಂಬುವಂತಿಲ್ಲ. ಮೊಗ್ಗಿನ ಹಂತದಲ್ಲಂತೂ ಬಲ್ಲವರಿಗೂ ಗುರುತು ತಪ್ಪುತ್ತದೆ. ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಹೆಸರು ಗೊತ್ತಿಲ್ಲದ ಫಲವನ್ನೂ ಸೇರಿಸಿರುವುದನ್ನು ಇಲ್ಲಿ ನೆನೆಯಬಹುದು.

ಯಾರಾದರೂ ಕಾಡಣಬೆ ತಿಂದು ಅಸ್ವಸ್ಥರಾದರೆ ಮನೆಮದ್ದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ತಾಲ್ಲೂಕು ಆಸ್ಪತ್ರೆಗೆ, ಸಾಧ್ಯವಾದರೆ ಯಕೃತ್ತಿನ ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ಉಳಿದ ಅಣಬೆ, ಸಾರು, ಸಿಪ್ಪೆ ಏನಿದ್ದರೂ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಬೇಕು. ಎಷ್ಟು ಹೊತ್ತಿಗೆ ತಿಂದರು, ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಅದೇ ಅಡುಗೆ ಉಂಡ ಉಳಿದವರು ಚೆನ್ನಾಗಿಯೇ ಇದ್ದರೂ ಅವರನ್ನೂ ಅದೇ ಗಾಡಿಯಲ್ಲಿ ಕರೆದೊಯ್ಯಬೇಕು.