ಜಂಗಲ್ ಬಂಗಲೆಯ ಒಂದು ರಾತ್ರಿ

ಹಳಿಯಾಳದಿಂದ ದಾಂಡೇಲಿಗೆ, ದಾಂಡೇಲಿಯಿಂದ ಜೋಯಿಡಾದ ಕಡೆಗೆ ಕಾಡಿನ ದಾರಿ ಹಿಡಿದು ಹೋದವರಿಗೆ ಒಂದು ನೋಟ ಪರಿಚಿತವಾದುದು. ಮರಗಳ ನಡುವೆ ತುಸು ದಿನ್ನೆ. ದಿನ್ನೆಯ ಮೇಲೆ ಎತ್ತರದ ಜಗಲಿಯ ಹಂಚಿನ ಮನೆ. ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಹೊಗೆ ಹಿಡಿದ ಬೇರೊಂದು ಅಡಿಗೆಮನೆ. ಊರಿನವರು ಇದನ್ನು ‘ಬಂಗ್ಲೆ’ ಎನ್ನುತ್ತಾರೆ. ಸರಕಾರಿ ನೌಕರರು ‘ಐ.ಬಿ.’ ಎನ್ನುತ್ತಾರೆ. ಜಂಗಲ್ ಖಾತೆಯ ಸಾಹೇಬರು ಸವಾರಿ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿದ ಮನೆಗಳಿವು. ಒಂದು ರಾತ್ರಿ, ಹೆಚ್ಚೆಂದರೆ ನಾಲ್ಕು ರಾತ್ರಿ ಯಾರೋ ಮಲಗಿ ಎದ್ದುಹೋಗುವ ಮನೆಗಳು.

ಕಳೆದ ಚಳಿಗಾಲದಲ್ಲಿ ಜೋಯಿಡಾ ತಾಲೂಕಿನ ಇಂಥದೊಂದು ಬಂಗಲೆಯಲ್ಲಿ ರಾತ್ರಿ ಕಳೆಯುವ ಯೋಗ ನನಗೆ ಬಂದಿತು. ಅನುಮತಿ ಪಡೆದು, ಬಾಡಿಗೆ ತೆತ್ತು, ವಹಿಯಲ್ಲಿ ಹೆಸರು ಬರೆದು ಒಳಹೊಕ್ಕೆ. ಹೋದದ್ದು ಹುಲಿಯನ್ನು ನೋಡುವುದಕ್ಕಲ್ಲ. ನನ್ನ ಅಜ್ಜ ಘಟ್ಟದ ಮೇಲಿನ ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸಾಹೇಬರ ಸವಾರಿಯ ಹಿಂದೆ ಈ ಕಡೆಯ ಬಂಗಲೆಗಳನ್ನೆಲ್ಲ ತಿರುಗಿದವರು. ಮೋಡಿ ಅಕ್ಷರದಲ್ಲಿ ಬರೆದ ಅವರ ಖರ್ಚಿನ ವಹಿಯೊಂದು ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹೇಗೋ ಉಳಿದುಕೊಂಡಿದೆ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಮೊಕ್ಕಾಮಿನ ಜಗಲಿಯ ಮೇಲೆ ಒಮ್ಮೆ ಕುಳಿತು ಬರಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಇಷ್ಟು ದಟ್ಟ ಕಾಡಿನಲ್ಲಿ ಸರಕಾರ ಮನೆಗಳನ್ನೇಕೆ ಕಟ್ಟಿತು? ಉತ್ತರ ಒಂದೇ ಮಾತಿನದು: ಸಾಗವಾನಿ. ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪನಿ ಸರಕಾರದ ಕೈಗೆ ಬಂದಿತು. ಆಗ ಹಳಿಯಾಳ ಒಂದು ಗಡಿಯ ಠಾಣ್ಯ. ಮುಂದೆ ವೆಲಿಂಗ್ಟನ್ನಿನ ಡ್ಯೂಕನೆಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಅದರ ಹೆಸರು ಬರುತ್ತದೆ. ಕೋಟೆಗಿಂತ ಮಿಗಿಲಾಗಿ ಹೊಸ ಒಡೆಯರ ಕಣ್ಣು ಬಿದ್ದದ್ದು ಕಾಳೀನದಿಯ ಎರಡೂ ದಂಡೆಯ ಮರಗಳ ಮೇಲೆ. ಮುಂಬಯಿಯ ಗೋದಿಯಲ್ಲಿ ಹಡಗು ಕಟ್ಟುವುದಕ್ಕೆ ಸಾಗವಾನಿ ಬೇಕು. ಕಡಿದ ಮರ ಹೊಳೆಯಲ್ಲಿ ತೇಲಿ ಸದಾಶಿವಗಡದ ಅಳಿವೆಯನ್ನು ಸೇರಿದರೆ ಮುಂದೆ ಸಮುದ್ರವೇ ದಾರಿ. ಮುಂದೆ ರೈಲು ಬಂದಾಗ ಹಳಿಯ ಕೆಳಗಿನ ಅಡ್ಡಪಟ್ಟಿಗಳಿಗೂ ಇದೇ ಕಾಡು ಬೇಕಾಯಿತು. ಕಡೆಗೆ ಅಳ್ನಾವರದಿಂದ ದಾಂಡೇಲಿಯ ಕಟ್ಟಿಗೆಯ ಡಿಪೋವಿನ ಕಡೆಗೇ ಒಂದು ರೈಲುದಾರಿ ಬಂದಿತು.

ಕಡಿಯುತ್ತ ಹೋದರೆ ಕಾಡು ಮುಗಿಯುತ್ತದೆಂಬ ಅರಿವು ಸರಕಾರಕ್ಕೆ ತಡವಾಗಿ ಮೂಡಿತು. ಮುಂಬಯಿ ಸರಕಾರ ೧೮೪೭ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ನನನ್ನೂ ಮದರಾಸು ಸರಕಾರ ೧೮೫೬ರಲ್ಲಿ ಹ್ಯೂ ಕ್ಲೆಗ್‌ಹಾರ್ನನನ್ನೂ ಅರಣ್ಯಗಳ ಮೇಲೆ ನೇಮಿಸಿದವು. ಸೋಜಿಗವೆಂದರೆ ಇಬ್ಬರೂ ವೈದ್ಯರು. ಉತ್ತರ ಕನ್ನಡ ಆಗ ಮದರಾಸಿನದು. ೧೮೬೨ರಲ್ಲಿ ಅದು ಮುಂಬಯಿ ಇಲಾಖೆಗೆ ಸೇರಿತು. ೧೮೬೪ರಲ್ಲಿ ಇಡೀ ದೇಶಕ್ಕೆ ಒಂದು ಅರಣ್ಯ ಖಾತೆಯೇ ಹುಟ್ಟಿ, ಜರ್ಮನಿಯ ಡೀಟ್ರಿಕ್ ಬ್ರಾಂಡಿಸ್ ಅದರ ಮುಖ್ಯಸ್ಥನಾದನು. ೧೮೬೫ರಲ್ಲಿ ಒಂದು ಕಾಯಿದೆ, ೧೮೭೮ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. ಕಾಡಿಗೆ ಗಡಿಗಲ್ಲು ಬಂತು, ನಕ್ಷೆ ಬಂತು, ಯಾವ ವರ್ಷ ಯಾವ ಭಾಗವನ್ನು ಕಡಿಯಬೇಕೆಂಬ ಯೋಜನೆ ಬಂತು. ಕಡಿಯಬೇಕಾದ ಮರಕ್ಕೆ ಸುತ್ತಿಗೆಯ ಮುದ್ರೆ ಬೀಳಬೇಕು. ಆ ಮರ ಹೊರಬಿತ್ತೋ, ಹೆಚ್ಚಿಗೆ ಹೊರಬಿತ್ತೋ ಎಂಬುದನ್ನು ಸಾಹೇಬ ಕಣ್ಣಾರೆ ನೋಡಬೇಕು. ನೋಡಬೇಕಾದರೆ ಅಲ್ಲಿ ರಾತ್ರಿ ನಿಲ್ಲಲೇಬೇಕು.

ಮೊದಮೊದಲು ಡೇರೆಗಳು, ಆಮೇಲೆ ಬಂಗಲೆಗಳು. ಕುದುರೆಯ ಮೇಲೆ ಸಾಹೇಬ, ಹಿಂದೆ ಸಾಮಾನಿನ ಎತ್ತಿನ ಗಾಡಿ. ಇಂಥ ತಂಡ ಘಟ್ಟದ ಏರಿಳಿತದಲ್ಲಿ ಹಗಲೆಲ್ಲ ನಡೆದರೆ ಹತ್ತು ಹನ್ನೆರಡು ಮೈಲಿ ಸಾಗೀತು. ಅಷ್ಟು ದೂರಕ್ಕೊಂದು ಬಂಗಲೆ. ಇಂದು ಮೋಟಾರಿನಲ್ಲಿ ಕುಳಿತವರಿಗೆ ಇಷ್ಟು ಹತ್ತಿರ ಹತ್ತಿರ ಏಕೆ ಕಟ್ಟಿದರೆಂದು ತೋರಬಹುದು. ಅದು ಎತ್ತಿನ ಕಾಲಿನ ಲೆಕ್ಕ. ನಕ್ಷೆಯ ಮೇಲೆ ಇವನ್ನು ಗೆರೆ ಎಳೆದು ಜೋಡಿಸಿದರೆ, ಸರಕಾರ ಈ ಕಾಡನ್ನು ಒಂದೊಂದು ಹಗಲಿನಷ್ಟಾಗಿ ಹೇಗೆ ತನ್ನದು ಮಾಡಿಕೊಂಡಿತೆಂಬುದು ಕಾಣುತ್ತದೆ.

ಮನೆಯ ಕಟ್ಟಣೆಯೂ ನೋಡತಕ್ಕದ್ದು. ನಾನು ಇಳಿದುಕೊಂಡಿದ್ದ ಬಂಗಲೆಯದು ಜಂಬಿಟ್ಟಿಗೆಯ ದಪ್ಪ ಗೋಡೆ, ಸಾಗವಾನಿಯ ತೊಲೆ. ಮೇಲೆ ಮಂಗಳೂರು ಹಂಚು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆಗೆದ ಮೇಲೆ ಕರಾವಳಿ ಘಟ್ಟಗಳ ಸರಕಾರಿ ಕಟ್ಟಡಗಳ ನೆತ್ತಿಯೇ ಕೆಂಪಾಯಿತು. ನಾಲ್ಕು ತಿಂಗಳ ಜಡಿಮಳೆ ಗೋಡೆಗೆ ಬಡಿಯದಂತೆ ಸೂರು ತೀರ ಕೆಳಗಿಳಿದಿದೆ. ನಡುವೆ ಒಂದು ಊಟದ ಕೋಣೆ, ಎರಡು ಬದಿಗೆ ಎರಡು ಮಲಗುವ ಕೋಣೆ. ಬೆಂಕಿಯ ಭಯಕ್ಕೆ ಅಡಿಗೆಮನೆ ದೂರ. ಅದರಾಚೆ ಕುದುರೆಯ ಲಾಯವಿತ್ತಂತೆ. ಈಗ ಅದರ ಪಾಯ ಮಾತ್ರ ಉಳಿದಿದೆ.

ಎತ್ತರದ ದಿನ್ನೆಯನ್ನೇ ಹುಡುಕಿದ್ದಕ್ಕೂ ಕಾರಣವುಂಟು. ಸೂಪಾ, ಹಳಿಯಾಳಗಳೆಂದರೆ ಆ ಕಾಲದಲ್ಲಿ ಚಳಿಜ್ವರದ ಸೀಮೆ. ಇಲ್ಲಿಗೆ ವರ್ಗವಾಯಿತೆಂದರೆ ನೌಕರರ ಮನೆಯಲ್ಲಿ ಹೆಂಗಸರು ಕಣ್ಣೀರಿಡುತ್ತಿದ್ದರೆಂದು ನನ್ನ ತಂದೆ ಹೇಳುತ್ತಿದ್ದರು. ಜ್ವರ ತಗ್ಗಿನ ಕೆಟ್ಟ ಗಾಳಿಯಿಂದ ಬರುತ್ತದೆಂದು ಜನ ತಿಳಿದಿದ್ದರು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ತೋರಿಸಿಕೊಟ್ಟದ್ದು ೧೮೯೭ರಲ್ಲಿ. ಅಲ್ಲಿಂದ ಅರ್ಧ ಶತಮಾನ ಕಳೆದು, ೧೯೪೬ರ ಸುಮಾರಿಗೆ ಡಾಕ್ಟರ್ ಡಿ. ಕೆ. ವಿಶ್ವನಾಥನ್ನರ ನೇತೃತ್ವದಲ್ಲಿ ಕಾರವಾರ, ಧಾರವಾಡ ಜಿಲ್ಲೆಗಳ ಹಳ್ಳಿಹಳ್ಳಿಗಳಲ್ಲಿ ಗೋಡೆಗೋಡೆಗೂ ಡಿ.ಡಿ.ಟಿ. ಬಿದ್ದ ಮೇಲೆಯೇ ಈ ಸೀಮೆ ನಿರಾಳವಾಗಿ ಉಸಿರಾಡಿತು. ದಿನ್ನೆಯ ಮೇಲಿನ ಸಾಹೇಬನಿಗೆ ಗಾಳಿಯಾದರೂ ಇತ್ತು. ತಗ್ಗಿನ ಗದ್ದೆಯಂಚಿನ ಗುಡಿಸಲಿನವರಿಗೆ ಅದೂ ಇರಲಿಲ್ಲ.

ಈ ಮನೆಗಳಲ್ಲಿ ಮಲಗಿದವರೆಲ್ಲ ಬರಿಯ ಮರದ ಲೆಕ್ಕದವರಲ್ಲವೆಂಬುದನ್ನೂ ಹೇಳಬೇಕು. ಅರಣ್ಯಾಧಿಕಾರಿ ಡಬ್ಲ್ಯೂ. ಎ. ಟಾಲ್ಬಟ್ ಉತ್ತರ ಕನ್ನಡದ ಕಾಡುಗಳಲ್ಲಿ ವರ್ಷಗಟ್ಟಲೆ ತಿರುಗಿದವನು; ಮುಂಬಯಿ ಇಲಾಖೆ ಮತ್ತು ಸಿಂಧದ ಕಾಡುಮರಗಳ ಮೇಲೆ ಅವನ ಎರಡು ಸಂಪುಟಗಳು ೧೯೦೯ ಮತ್ತು ೧೯೧೧ರಲ್ಲಿ ಹೊರಬಂದವು. ಟಿ. ಆರ್. ಬೆಲ್ ಎಂಬ ಇನ್ನೊಬ್ಬ ಅರಣ್ಯಾಧಿಕಾರಿ, ಗೆಳೆಯರಾದ ಡೇವಿಡ್ಸನ್ ಮತ್ತು ಐಟ್ಕನ್ನರೊಡನೆ ಸೇರಿ ಈ ಜಿಲ್ಲೆಯ ಪಾತರಗಿತ್ತಿಗಳನ್ನು ಮೊಟ್ಟೆಯಿಂದ ರೆಕ್ಕೆಯ ತನಕ ಗಮನಿಸಿ ಬರೆದನು. ನಿವೃತ್ತನಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲಿಯೇ ನೆಲೆಸಿ ೧೯೪೮ರಲ್ಲಿ ತೀರಿಕೊಂಡನು. ಈ ನಾಡನ್ನು ಅವರು ಪ್ರೀತಿಸಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಅಮೇರಿಕೆಯ ಅರಣ್ಯ ಸೇವೆ ೧೯೦೫ರಲ್ಲಿ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥನಾದ ಗಿಫರ್ಡ್ ಪಿಂಚೋ, ತರುಣನಾಗಿದ್ದಾಗ ನಮ್ಮ ಬ್ರಾಂಡಿಸನನ್ನೇ ಗುರುವೆಂದು ಕಂಡವನು. ಅಲ್ಲಿಯೂ ಕಾಡಿನೊಳಗೆ ಕಾವಲುಗಾರರ ಮರದ ಮನೆಗಳು ಎದ್ದವು. ಈಗ ಅವುಗಳಲ್ಲಿ ಎಷ್ಟೋ ಮನೆಗಳನ್ನು ರಾತ್ರಿಗಿಷ್ಟೆಂದು ಜನರಿಗೆ ಬಾಡಿಗೆಗೆ ಕೊಡುತ್ತಾರೆ. ಹಳೆಯ ಮನೆ ಬೀಳದೆ ಉಳಿಯಬೇಕಾದರೆ ಅದರಲ್ಲಿ ಯಾರಾದರೂ ದೀಪ ಹಚ್ಚಬೇಕು. ಆ ಮಾತು ಅಲ್ಲಿಗೂ ಸರಿ, ಇಲ್ಲಿಗೂ ಸರಿ.

ಇನ್ನು ಅಜ್ಜನ ವಹಿಯ ಮಾತು. ಸಾಹೇಬ ಒಳಗೆ ಮಲಗಿದರೆ ಅಜ್ಜನ ಹಾಸಿಗೆ ಅಡಿಗೆಮನೆಯ ಕಟ್ಟೆಯ ಮೇಲೆ. ಅದರ ಬಗ್ಗೆ ಅವರಿಗೆ ದೂರೇನೂ ಇದ್ದಂತಿಲ್ಲ. ಚಳಿಗಾಲದಲ್ಲಿ ಒಲೆಯ ಬಳಿಯೇ ಬೆಚ್ಚಗೆ ಎನ್ನುತ್ತಿದ್ದರಂತೆ. ಆದರೆ ಅಡಿಗೆಮನೆಗೂ ಆಚೆ, ಮರದ ಬುಡದಲ್ಲಿ ಬೆಂಕಿ ಹಾಕಿಕೊಂಡು ಕುಳಿತವರಿದ್ದರು. ಗಾಡಿ ಏರದ ಕಡೆ ಪೆಟ್ಟಿಗೆ, ಮಂಚ, ಸ್ನಾನದ ಕಡಾಯಿಗಳನ್ನು ತಲೆಯ ಮೇಲೆ ಹೊತ್ತು ತಂದವರು ಅವರೇ: ಸುತ್ತಲಿನ ವಾಡೆಗಳ ಕುಣಬಿಗಳು, ಗೌಳಿಗಳು, ಸಿದ್ದಿಗಳು. ವಹಿಯಲ್ಲಿ ಅವರಿಗೆ ಹೆಸರಿಲ್ಲ. ‘ಹೊರೆ ಆಳು ೧೧’ ಎಂದು ಬರೆದು, ಮುಂದೆ ವಾಡೆಯ ಹೆಸರು, ಅದರ ಮುಂದೆ ಕೂಲಿಯ ಆಣೆಗಳು. ಕೆಲವು ಕಡೆ ಆಣೆಯ ಜಾಗದಲ್ಲಿ ಬರಿಯ ಗೆರೆ. ಆ ಗೆರೆಯ ಅರ್ಥ ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಅದು ಬಿಟ್ಟಿ.

ಈ ಜನರಿಗೂ ಕಾಡಿಗೂ ಬೇರೊಂದು ಕರಾರಿತ್ತು. ಮಾಗಿಯ ಕೊನೆಗೆ ಗುಡ್ಡದ ಓರೆಯಲ್ಲಿ ಒಂದು ತುಂಡು ಕಾಡನ್ನು ಸವರಿ, ಬಿಸಿಲಿಗೆ ಒಣಗಿಸಿ, ಮಳೆಗೆ ಮುಂಚೆ ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದು ಆ ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಹೋಗುವರು. ವರ್ಷಗಳ ಮೇಲೆ ಮರಳಿ ಅಲ್ಲಿಗೆ ಬರುವರು. ಇದೇ ಕುಮರಿ. ಮರದ ಲೆಕ್ಕ ಇಡುವವರಿಗೆ ಇದು ಬರಿಯ ನಾಶವಾಗಿ ಕಂಡಿತು. ಕ್ಲೆಗ್‌ಹಾರ್ನ್ ಅದರ ಕಡು ವಿರೋಧಿ. ೧೮೬೦ರಲ್ಲಿ ಮದರಾಸು ಸರಕಾರ ಅಪ್ಪಣೆಯಿಲ್ಲದ ಕುಮರಿಯನ್ನು ನಿಲ್ಲಿಸಿತು. ಮುಂಬಯಿಯ ಆಳಿಕೆಯಲ್ಲಿಯೂ ಬಿಗಿ ಸಡಿಲಲಿಲ್ಲ. ಅಲ್ಲಿಂದೀಚೆಗೆ ಕಾಡಿನಲ್ಲಿ ಹುಟ್ಟಿದವನು ಕಾಡಿನ ಅತಿಕ್ರಮಣದಾರನಾದನು; ಒಂದು ರಾತ್ರಿ ಮಲಗಲು ಬಂದವನು ಮನೆಯ ಯಜಮಾನನಾದನು. ೧೯೩೦ರಲ್ಲಿ ಜಿಲ್ಲೆಯ ಜನ ಕೊಡಲಿ ಹಿಡಿದು ಜಂಗಲ್ ಸತ್ಯಾಗ್ರಹಕ್ಕೆ ಹೊರಟಾಗ ಅವರ ಸಿಟ್ಟಿನ ಬೇರು ಇಷ್ಟು ಹಿಂದಿನದಾಗಿತ್ತು.

ಆಮೇಲಿನ ಕಥೆ ವಾಚಕರಿಗೆ ತಿಳಿದದ್ದೇ. ೧೯೫೬ರಲ್ಲಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು; ಅದೇ ವರ್ಷ ದಾಂಡೇಲಿಯ ಕಾಡು ವನ್ಯಪ್ರಾಣಿಗಳ ಅಭಯಾರಣ್ಯವಾಯಿತು. ದಾಂಡೇಲಿಯಲ್ಲಿ ೧೯೫೯ರ ಹೊತ್ತಿಗೆ ಕಾಗದದ ಕಾರಖಾನೆ ನಡೆಯತೊಡಗಿ ಬಿದಿರಿಗೆ ಬೆಲೆ ಬಂದಿತು. ೧೯೬೬ರಲ್ಲಿ ಮುಂಡಗೋಡದ ಕಾಡಿನ ಅಂಚಿನಲ್ಲಿ, ನೆಲೆ ಕಳೆದುಕೊಂಡು ಬಂದ ಟಿಬೇಟಿನವರಿಗೆ ನೆಲ ದೊರೆಯಿತು. ಸೂಪಾದ ಅಣೆಕಟ್ಟು ೧೦೧ ಮೀಟರು ಎತ್ತರಕ್ಕೆ ಎದ್ದು ೧೯೮೭ರಲ್ಲಿ ಮುಗಿದಾಗ ಸೂಪಾ ಊರೇ ನೀರಿನಡಿಗೆ ಹೋಯಿತು. ತಾಲೂಕಿನ ಠಾಣ್ಯ ಜೋಯಿಡಾಕ್ಕೆ ಬಂದಿತು. ೨೦೦೭ರಲ್ಲಿ ದಾಂಡೇಲಿ, ಅಣಶಿಗಳು ಕೂಡಿ ಹುಲಿಗಳ ರಕ್ಷಿತ ಪ್ರದೇಶವಾದವು. ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಪ್ರತಿಯೊಂದು ಬದಲಾವಣೆಯಲ್ಲಿಯೂ ಯಾರಿಗೋ ನೆಲೆ ಸಿಕ್ಕಿತು, ಯಾರದೋ ನೆಲೆ ಅಲುಗಿತು. ಅಲುಗದೆ ನಿಂತವು ದಿನ್ನೆಯ ಮೇಲಿನ ಬಂಗಲೆಗಳೇ.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಅಜ್ಜನ ವಹಿಯನ್ನು ಬಂಗಲೆಯ ಕಾವಲುಗಾರನಿಗೆ ತೋರಿಸಿದೆ. ಅರುವತ್ತರ ಹತ್ತಿರದ ಕುಣಬಿ ಅವನು. ಅವನ ಅಜ್ಜನೂ ಇದೇ ಬಂಗಲೆಗೆ ಸೌದೆ ನೀರು ಹೊತ್ತವನಂತೆ. ಅಕ್ಷರಗಳ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಾಯರೇ, ಇದರಾಗೆ ನಮ್ಮ ವಾಡೆ ಹೆಸರು ಐತೇನ್ರಿ?’ ಎಂದನು.

ಅವನು ಕೇಳಿದ್ದು ಕುತೂಹಲಕ್ಕಲ್ಲ. ೨೦೦೬ರ ಅರಣ್ಯ ಹಕ್ಕಿನ ಕಾಯಿದೆಯಂತೆ, ಪರಿಶಿಷ್ಟ ಪಂಗಡದವರಾದರೆ ೨೦೦೫ರ ಡಿಸೆಂಬರ್ ೧೩ಕ್ಕೆ ಮುಂಚೆ ಕಾಡಿನಲ್ಲಿ ನೆಲೆಸಿದ್ದರೆ ಸಾಕು. ಇತರರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ ಎಪ್ಪತ್ತೈದು ವರ್ಷಗಳಿಂದ ಅಲ್ಲಿಯೇ ಇದ್ದುದನ್ನು ತೋರಿಸಬೇಕು. ಸಿದ್ದಿಗಳು ೨೦೦೩ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರು. ಕಾಯಿದೆ ಬಂದಾಗ ಇಲ್ಲಿಯ ಕುಣಬಿಗಳು ಆ ಪಟ್ಟಿಯಲ್ಲಿರಲಿಲ್ಲ. ಹಿರಿಯರ ಹೇಳಿಕೆಯೂ ಸಾಕ್ಷಿಯಾಗಬಹುದೆಂದು ನಿಯಮದಲ್ಲಿ ಉಂಟು, ನಿಜ. ಆದರೆ ಅಷ್ಟು ಹಿಂದಿನದನ್ನು ಕಂಡ ಹಿರಿಯರು ಈಗೆಲ್ಲಿ? ಕಾಗದವೊಂದಿದ್ದರೆ ಮಾತಿಗೆ ಬಲ. ಒಂದು ರಾತ್ರಿ ಮಲಗಿದ ನನ್ನ ಹೆಸರು, ಊರು, ಬಂದ ಹೊತ್ತು, ಹೋಗುವ ಹೊತ್ತು ಎಲ್ಲವೂ ಬಂಗಲೆಯ ವಹಿಯಲ್ಲಿ ಸಹಿಯೊಂದಿಗೆ ದಾಖಲಾಗಿದ್ದವು. ತಲೆಮಾರುಗಳಿಂದ ಅದರ ನೆರಳಿನಲ್ಲಿ ಬಾಳಿದವನು ತಾನಿಲ್ಲಿ ಇದ್ದೆನೆಂಬುದಕ್ಕೆ ಒಂದು ಚೀಟಿಗಾಗಿ ಅಲೆಯುತ್ತಿದ್ದನು.

ಕಂದೀಲಿನ ಬೆಳಕಿನಲ್ಲಿ ಹಾಳೆ ಹಾಳೆ ತಿರುವಿದೆವು. ೧೯೨೮ರ ಜನವರಿಯ ಒಂದು ಪುಟದಲ್ಲಿ ಅವನ ವಾಡೆಯ ಹೆಸರು ಸಿಕ್ಕಿತು. ಮುಂದೆ ‘ಹೊರೆ ಆಳು ೭’. ಕೂಲಿಯ ಜಾಗದಲ್ಲಿ ಗೆರೆ. ಆ ಏಳರಲ್ಲಿ ತನ್ನ ಅಜ್ಜ ಇದ್ದಿರಬೇಕೆಂದು ಅವನೆಂದನು. ಇದ್ದಿರಬೇಕು, ಯಾರು ಬಲ್ಲರು? ನನ್ನ ಅಜ್ಜ ಹೆಸರು ಬರೆದಿರಲಿಲ್ಲ. ಏಳು ಹೆಸರು ಬರೆಯಲು ಎಷ್ಟು ಶಾಯಿ ಬೇಕಾಗುತ್ತಿತ್ತು!

ಬೆಳಿಗ್ಗೆ ದಾಂಡೇಲಿಗೆ ಇಳಿದು ಆ ಪುಟದ ನೆರಳಚ್ಚು ತೆಗೆಸಿದೆ. ಮೋಡಿಯನ್ನು ಬಿಡಿಸಿ ಕೆಳಗೆ ಈಗಿನ ಅಕ್ಷರದಲ್ಲಿ ಬರೆದು, ನನ್ನ ಸಹಿ ಹಾಕಿ ಅವನಿಗೆ ಕಳಿಸಿದೆ. ಒಬ್ಬ ಕಾರಕೂನನ ಖಾಸಗಿ ವಹಿಗೆ ಸಮಿತಿಯ ಮುಂದೆ ಎಷ್ಟು ಬೆಲೆ ಬಂದೀತೆಂದು ನಾನು ಹೇಳಲಾರೆ. ಇಂಥ ವಹಿಗಳು ಘಟ್ಟದ ಮೇಲಿನ ಹಳೆಯ ಮನೆಗಳ ಅಟ್ಟಗಳಲ್ಲಿ ಇನ್ನೂ ಕೆಲವಾದರೂ ಇದ್ದಾವು. ಇದ್ದವರು ಗೆದ್ದಲಿಗೆ ಬಿಡದೆ ಒಮ್ಮೆ ತೆರೆದು ನೋಡಲಿ. ಬಂಗಲೆಗಳೂ ಉಳಿಯಲಿ, ಜನ ಬಾಡಿಗೆ ತೆತ್ತು ಅಲ್ಲಿ ಮಲಗಲಿ, ಕಾಡಿನ ಸದ್ದು ಕೇಳಲಿ. ಮಲಗುವ ಮುನ್ನ ಒಮ್ಮೆ ಹಿಂಬದಿಯ ಜಗಲಿಗೆ ಹೋಗಿ, ಅಡಿಗೆಮನೆಗೂ ಆಚೆ ಮರದ ಬುಡದ ಕಡೆಗೆ ನೋಡಲಿ.