ಕಲ್ಯಾಣದ ಡೇಗೆಯೂ ಬಯಲಿನ ತುರುಮ್ತಿಯೂ

ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಯು ಜನರಿಗೆ ಕರಿಬಸವೇಶ್ವರ ಅಜ್ಜಯ್ಯನವರ ಗದ್ದುಗೆಯ ಊರೆಂದೇ ಪರಿಚಿತವಾದುದು. ಅಮಾವಾಸ್ಯೆಯ ದಿನ ಹೊಳೆಯಲ್ಲಿ ಮಿಂದು ಗದ್ದುಗೆಗೆ ನಡೆದುಕೊಳ್ಳುವ ಭಕ್ತಸಂದಣಿಯಲ್ಲಿ ತಲೆಯೆತ್ತಿ ಆಕಾಶವನ್ನು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇರಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ. ಆದರೆ ಹೊಳೆಯ ಈಚೆಗೆ ಹರಿಹರದ ಹೊಲಗದ್ದೆಗಳೂ ಆಚೆಗೆ ರಾಣೆಬೆನ್ನೂರಿನ ಬಯಲೂ ಹಬ್ಬಿರುವ ಈ ಸೀಮೆಯಂಥ ತೆರೆದ ನೆಲವೇ ಬೇಟೆಯ ಹಕ್ಕಿಗಳಿಗೆ ಒಪ್ಪುವ ನೆಲ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಇದು ನೊಳಂಬವಾಡಿ ಮೂವತ್ತಿರ್ಚ್ಛಾಸಿರಕ್ಕೆ ಸೇರಿ, ಉಚ್ಚಂಗಿಯ ಪಾಂಡ್ಯರ ಕೈಯಲ್ಲಿದ್ದು, ಅವರ ಮೂಲಕ ಕಲ್ಯಾಣದ ಚಾಲುಕ್ಯ ಚಕ್ರವರ್ತಿಗಳಿಗೆ ಅಧೀನವಾಗಿತ್ತು. ಆ ಚಕ್ರವರ್ತಿಗಳಲ್ಲೊಬ್ಬನು ಹಕ್ಕಿಯಿಂದ ಹಕ್ಕಿಯನ್ನು ಹಿಡಿಸುವ ಕಲೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಹೋದನು.

ಅವನು ಆರನೆಯ ವಿಕ್ರಮಾದಿತ್ಯನ ಮಗನಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರ. ತಂದೆ ಕಟ್ಟಿದ ಸಾಮ್ರಾಜ್ಯದ ಅಂಚುಗಳನ್ನು ಹೊಯ್ಸಳ ವಿಷ್ಣುವರ್ಧನನಂಥ ಸಾಮಂತರು ಅಲುಗಿಸುತ್ತಿದ್ದ ಕಾಲದಲ್ಲಿ ಈ ಅರಸನು ಖಡ್ಗಕ್ಕಿಂತ ಲೇಖನಿಗೇ ಹೆಚ್ಚು ಕೆಲಸ ಕೊಟ್ಟನೆಂದು ಇತಿಹಾಸಕಾರರು ಆಕ್ಷೇಪಿಸಬಹುದಾದರೂ, ಸುಮಾರು 1129ರಲ್ಲಿ ಅವನು ರಚಿಸಿದ 'ಅಭಿಲಷಿತಾರ್ಥ ಚಿಂತಾಮಣಿ', ಅಂದರೆ 'ಮಾನಸೋಲ್ಲಾಸ'ವು ಉಳಿಯಿತು, ಸಾಮ್ರಾಜ್ಯವು ಉಳಿಯಲಿಲ್ಲ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ಹರಡಿರುವ ಆ ಸಂಸ್ಕೃತ ಗ್ರಂಥದ ವಿನೋದವಿಂಶತಿಯಲ್ಲಿ ಮೃಗಯೆಯ, ಮೀನು ಹಿಡಿಯುವ ವಿನೋದಗಳ ಜತೆಯಲ್ಲಿ ಶ್ಯೇನವಿನೋದವೂ ಸ್ಥಾನ ಪಡೆದು, ಡೇಗೆಗಳ, ಅಂದರೆ ಬೇಟೆಗೆ ಪಳಗಿಸುವ ಹಕ್ಕಿಗಳ, ಜಾತಿಭೇದವನ್ನೂ ಅವನ್ನು ಹಿಡಿಯುವ, ಪಳಗಿಸುವ, ಬೇಟೆಗೆ ಹಾರಿಸುವ ಬಗೆಗಳನ್ನೂ ಶಾಸ್ತ್ರದ ಗಾಂಭೀರ್ಯದಿಂದ ನಿರೂಪಿಸುತ್ತದೆ. ಯೂರೋಪಿನಲ್ಲಿ ಈ ಕಲೆಯ ಆಚಾರ್ಯನೆಂದು ಕೀರ್ತಿಸಲ್ಪಡುವ ಇಮ್ಮಡಿ ಫ್ರೆಡರಿಕ್ ಚಕ್ರವರ್ತಿಯು ತನ್ನ ಗ್ರಂಥವನ್ನು ಬರೆದದ್ದು ಇದಾಗಿ ಒಂದು ಶತಮಾನಕ್ಕೂ ಮಿಗಿಲಾದ ಬಳಿಕ. ಕುಮಾವೂನಿನ ರುದ್ರದೇವನ 'ಶ್ಯೈನಿಕ ಶಾಸ್ತ್ರ'ವಂತೂ ಇನ್ನೂ ಈಚಿನದು, ಹರಪ್ರಸಾದ ಶಾಸ್ತ್ರಿಗಳ ಸಂಪಾದನೆಯಲ್ಲಿ 1910ರಲ್ಲಿ ಅಚ್ಚಾದುದು.

ಅರಸನ ಹೆಸರು ಗ್ರಂಥದ ಮೇಲೆ ನಿಂತಿದೆಯಾದರೂ ಅದರೊಳಗಿನ ಅರಿವೆಲ್ಲ ಅರಸನದೆಂದು ನಾನು ನಂಬಲಾರೆ. ಹಕ್ಕಿ ಎಲ್ಲಿ ರಾತ್ರಿ ತಂಗುವುದು, ಯಾವ ಹೊತ್ತಿನಲ್ಲಿ ಹಸಿಯುವುದು, ಎಷ್ಟು ತಿಂದರೆ ಒಡೆಯನ ಕರೆಗೆ ಕಿವುಡಾಗುವುದು ಎಂಬುದನ್ನು ಅರಮನೆಯ ಮಾಳಿಗೆಯಿಂದ ತಿಳಿಯಲಾಗದು. ಬಿದಿರಿನ ಪುಟ್ಟ ಬುಟ್ಟಿಯ ಒಳಗೆ ಜೀವದ ಗುಬ್ಬಿಯನ್ನಿರಿಸಿ, ಹೊರಮೈಗೆಲ್ಲ ಕುದುರೆಯ ಬಾಲದ ಕೂದಲಿನ ಉರುಳುಗಳನ್ನು ಕಟ್ಟಿ, ಎರಗಿದ ಹಕ್ಕಿಯ ಉಗುರು ಸಿಲುಕುವಂತೆ ಮಾಡುತ್ತಿದ್ದ ಬೇಡನೇ ಆ ಅರಿವಿನ ಮೊದಲ ಯಜಮಾನ. ಹಿಡಿದ ಹಕ್ಕಿಯ ರೆಪ್ಪೆಗಳನ್ನು ನೂಲಿನಿಂದ ಹೊಲಿದು, ದಿನದಿಂದ ದಿನಕ್ಕೆ ನೂಲನ್ನು ಸಡಿಲಿಸುತ್ತ ಮನುಷ್ಯನ ಮುಖಕ್ಕೆ ಅದನ್ನು ಒಗ್ಗಿಸುವುದು, ಕಾಲಿಗೆ ತೊಗಲಿನ ಪಟ್ಟಿಯನ್ನೂ ಗೆಜ್ಜೆಯನ್ನೂ ಕಟ್ಟುವುದು, ತಲೆಗೆ ಕುಲಾವಿ ತೊಡಿಸುವುದು, ಮಾಂಸದ ತುಣುಕನ್ನು ತೋರಿಸಿ ಮೊದಲು ಗೇಣಿನಷ್ಟು, ಬಳಿಕ ಮಾರಿನಷ್ಟು, ಕೊನೆಗೆ ಹೊಲದಗಲ ದೂರದಿಂದ ಮುಂಗೈಗೆ ಕರೆಯುವುದು, ಇವೆಲ್ಲ ಈ ದೇಶದ ಡೇಗೆಗಾರರ ವಾಡಿಕೆ. ಇದರಲ್ಲಿ ಕ್ರೌರ್ಯವಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಬೇಟೆಯಾಡುವುದನ್ನು ಮಾತ್ರ ಹಕ್ಕಿಗೆ ಯಾರೂ ಕಲಿಸಲಿಲ್ಲ. ಅದು ಮೊದಲೇ ಬಲ್ಲ ವಿದ್ಯೆಯನ್ನು ತನ್ನ ಕಣ್ಣೆದುರಿಗೆ ನಡೆಸುವಂತೆ ಮಾಡುವುದಷ್ಟೇ ಮನುಷ್ಯನ ಸಾಧನೆ. ಅದಕ್ಕಾಗಿ ಕಲಿಯಬೇಕಾದವನು ಅವನೇ.

ಆ ಕಲಿಕೆಯ ಫಲವಾಗಿಯೇ ಡೇಗೆಗಾರರು ಬೇಟೆಯ ಹಕ್ಕಿಗಳನ್ನು ಕಪ್ಪುಕಣ್ಣಿನವು, ಹಳದಿಕಣ್ಣಿನವು ಎಂದು ಎರಡು ಪಂಗಡಗಳಾಗಿ ಎಣಿಸುತ್ತಿದ್ದರು. ಹಳದಿಕಣ್ಣಿನ ಶಿಕ್ರವು ಮರದ ಮರೆಯಿಂದ ಥಟ್ಟನೆ ಎರಗಿ ಉಗುರಿನ ಹಿಡಿತದಿಂದಲೇ ಕೊಲ್ಲುವಂಥದು; ಕಪ್ಪುಕಣ್ಣಿನ ಚಾಣಗಳಾದರೋ ನೀಳವಾದ ಚೂಪು ರೆಕ್ಕೆಗಳ ಬಲದಿಂದ ಬಯಲಿನಲ್ಲಿ ಬೆನ್ನಟ್ಟಿ ಹಿಡಿದು, ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂತೆ ಚಾಚಿದ ಮೊನೆಯಿಂದ ಕುತ್ತಿಗೆಯನ್ನು ಮುರಿಯತಕ್ಕವು.

ಈ ಎರಡನೆಯ ಪಂಗಡದ ಕಿರಿಯ ಹಕ್ಕಿಗಳಲ್ಲಿ ಒಂದು ತುರುಮ್ತಿ. ಕಾಗೆಗಿಂತ ಚಿಕ್ಕದಾದ ಇದರ ನೆತ್ತಿಯೂ ಹಿಂಗತ್ತೂ ಕೆಂಗಂದು, ಬೆನ್ನು ಬೂದುಬಣ್ಣ, ಬಿಳಿಯ ಎದೆಯ ಕೆಳಗೆ ಸಣ್ಣ ಕಪ್ಪು ಗೆರೆಗಳು, ಬಾಲದ ತುದಿಗೆ ಅಗಲವಾದ ಕಪ್ಪು ಪಟ್ಟೆ. ಊರಿನ ಅಂಚಿನ ಮಾವಿನ ತೋಪಿನಲ್ಲೋ ಹೊಲದ ನಡುವಣ ಒಂಟಿ ಮರದಲ್ಲೋ, ಅನೇಕ ವೇಳೆ ಕಾಗೆ ಬಿಟ್ಟುಹೋದ ಗೂಡಿನಲ್ಲೇ ಸಂಸಾರ ಹೂಡಿ, ಗುಬ್ಬಿ, ನೆಲಗುಬ್ಬಿಗಳಂಥ ಸಣ್ಣ ಹಕ್ಕಿಗಳನ್ನು ತಿಂದು ಬಾಳುವ ಈ ಹಕ್ಕಿಯ ವಿಶೇಷವೆಂದರೆ ಗಂಡುಹೆಣ್ಣು ಕೂಡಿ ಆಡುವ ಬೇಟೆ: ಒಂದು ನೆಲಕ್ಕೆ ಹತ್ತಿ ಹಾರುತ್ತ ಪೊದೆಯೊಳಗಿನ ಹಕ್ಕಿಗಳನ್ನು ಬೆದರಿಸಿ ಎಬ್ಬಿಸಿದರೆ, ಇನ್ನೊಂದು ಮೇಲಿನಿಂದ ಅಡ್ಡಬಂದು ಎರಗುವುದು. ಮುಸ್ಸಂಜೆಯಲ್ಲಿ ಬಾವಲಿಗಳು ಹೊರಡುವ ಹೊತ್ತಿಗೂ ಇದರ ಬೇಟೆ ನಿಲ್ಲದು. ಹೆಣ್ಣು ಗಂಡಿಗಿಂತ ದೊಡ್ಡದು. ಅದು ಗೂಡಿನಲ್ಲಿ ಕುಳಿತಿರುವ ದಿನಗಳಲ್ಲಿ ಗಂಡು ಬೇಟೆಯನ್ನು ತಂದೊಪ್ಪಿಸುವುದು.

ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬ ಪಕ್ಷಿಪಂಡಿತನು 1862ರಿಂದ ಪ್ರಕಟವಾದ ತನ್ನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ, ಈ ಚಾಣವನ್ನು ಪಳಗಿಸಿ ಲಾವುಗೆ, ಗೊರವಂಕಗಳ ಮೇಲೆಯೂ ವಿಶೇಷವಾಗಿ ನೀಲಕಂಠದ ಮೇಲೆಯೂ ಬಿಡುತ್ತಿದ್ದರೆಂದು ಬರೆದಿದ್ದಾನೆ. ಬೆನ್ನಟ್ಟಿದಷ್ಟೂ ನೀಲಕಂಠವು ಚೀರುತ್ತ ಒಮ್ಮೆ ಓರೆಯಾಗಿ ಸರಿದು, ಒಮ್ಮೆ ಲಂಬವಾಗಿ ಕೆಳಗುರುಳಿ, ಮರದ ಆಸರೆಯನ್ನು ಹುಡುಕುತ್ತಿದ್ದಿತಂತೆ. ಅದರ ಈ ಚಮತ್ಕಾರದಿಂದ ತುರುಮ್ತಿಯು ಅನೇಕ ಸಲ ವಂಚಿತವಾಗುತ್ತಿತ್ತಂತೆ. ಅಂದು ಡೇಗೆಗಾರರ ವಿನೋದಕ್ಕೆ ಗುರಿಯಾದ ಆ ನೀಲಕಂಠವೇ ಇಂದು ಕರ್ನಾಟಕದ ರಾಜ್ಯಪಕ್ಷಿ.

ಬೇಟೆಗೆ ನೆರವಾದ ಪ್ರಾಣಿಗಳನ್ನು ಈ ನಾಡು ಗೌರವಿಸದೆ ಬಿಡಲಿಲ್ಲ. ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದ ಸಂಗತಿ ಶಾಸನವಾಗಿ ಉಳಿದಿದೆ. ಡೇಗೆಗೆ ದೊರೆತದ್ದು ಬೇರೆ ಬಗೆಯ ಗೌರವ. ವಿಜಯನಗರದ ದಂಡನಾಯಕರ ಮನೆತನವೊಂದು ಬೇಟೆಯ ಗಿಡುಗನ ಹೆಸರಾದ 'ಸಾಳುವ' ಎಂಬುದನ್ನು ಬಿರುದಾಗಿ ಧರಿಸಿತು, 1485ರಲ್ಲಿ ಆ ಮನೆತನದ ನರಸಿಂಹನು ಸಿಂಹಾಸನವನ್ನೇ ಏರಿದನು. ಬಂದೂಕು ಸುಲಭವಾಗಿ, ಆಸ್ಥಾನಗಳು ಬಡವಾದ ಮೇಲೆ ಡೇಗೆಗಾರನಿಗೆ ಅನ್ನ ಹಾಕುವವರು ಉಳಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕಾಲಕ್ಕೆ ನಿಷೇಧಿಸಲು ಈ ಕಸುಬಿನಲ್ಲಿ ಹೆಚ್ಚೇನೂ ಮಿಕ್ಕಿರಲಿಲ್ಲವೆಂದೇ ಹೇಳಬೇಕು.

ಬೇಟೆಗಾರನು ಹೋದ ಮಾತ್ರಕ್ಕೆ ಹಕ್ಕಿಯು ಹೆಚ್ಚಲಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು ಬಂದ ಬಳಿಕ ದಾವಣಗೆರೆ, ಹರಿಹರಗಳ ಜೋಳ ಹತ್ತಿಯ ಹೊಲಗಳಲ್ಲಿ ಬಹುಪಾಲು ಭತ್ತದ ಗದ್ದೆಗಳೂ ಅಡಕೆ ತೆಂಗಿನ ತೋಟಗಳೂ ಆದುವು. ರೈತನಿಗೆ ಇದು ಭಾಗ್ಯವೇ. ಬಯಲಿನ ನೆಲಗುಬ್ಬಿಯನ್ನೂ ಒಂಟಿ ಮರವನ್ನೂ ನಂಬಿದ ತುರುಮ್ತಿಯ ಲೆಕ್ಕವು ಬೇರೆ. ಲೋಕದ ಪಕ್ಷಿತಜ್ಞರು ಇದನ್ನೀಗ ಅಪಾಯಕ್ಕೆ ಸಮೀಪಿಸಿದ ಜಾತಿಗಳ ಪಟ್ಟಿಯಲ್ಲಿಟ್ಟಿದ್ದಾರೆ. ವಿಚಿತ್ರವೆಂದರೆ, ಬೇಡನ ಆ ಉರುಳಿನ ಬುಟ್ಟಿಯು 'ಬಾಲ್‌ಛತ್ರಿ' ಎಂಬ ತನ್ನ ಹಿಂದೂಸ್ತಾನಿ ಹೆಸರಿನೊಡನೆಯೇ ಅಮೆರಿಕದ ಸಂಶೋಧಕರ ಕೈ ಸೇರಿದೆ. ಅವರು ಅದರಿಂದ ಗಿಡುಗ, ಚಾಣಗಳನ್ನು ಹಿಡಿದು, ತೂಗಿ, ಕಾಲಿಗೆ ಅಂಕೆಯ ಉಂಗುರವನ್ನು ತೊಡಿಸಿ ಬಿಟ್ಟುಬಿಡುತ್ತಾರೆ.