ಪೇಟೆ, ದಂಡು, ಬಡಾವಣೆ

ಮೂವತ್ತಾರು ವರ್ಷ ಮಲೆನಾಡಿನ ಸೆರಗಿನ ಒಂದು ಊರಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ, ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನ ಮಡದಿಯೂ ಬೆಂಗಳೂರಿಗೆ ಬಂದು ನೆಲಸುವುದೆಂದು ತೀರ್ಮಾನವಾಯಿತು. ಬರುವುದೇನೋ ಸರಿ, ಎಲ್ಲಿಗೆ ಬರುವುದು? ಸ್ನೇಹಿತರನ್ನು ವಿಚಾರಿಸಿದೆ. ಪ್ರತಿಯೊಬ್ಬರೂ ತಾವಿರುವ ಬಡಾವಣೆಯೇ ಬೆಂಗಳೂರು, ಮಿಕ್ಕದ್ದೆಲ್ಲ ಬರಿಯ ಬಯಲು ಎಂಬಂತೆ ಮಾತನಾಡಿದರು. ಮೇಷ್ಟರ ಚಾಳಿ ಸುಲಭವಾಗಿ ಬಿಡುವಂಥದಲ್ಲ. ಮನೆ ಹುಡುಕುವುದನ್ನು ನಾಲ್ಕು ದಿನ ಮುಂದಕ್ಕೆ ಹಾಕಿ, ಈ ಊರಿನಲ್ಲಿ ಜನ ಯಾವ ಕಾಲದಲ್ಲಿ ಎಲ್ಲೆಲ್ಲಿ, ಏನನ್ನು ನೋಡಿ ಮನೆ ಮಾಡಿದರೆಂಬುದನ್ನು ಓದುತ್ತ ಕುಳಿತೆ. ಅದರ ಫಲವನ್ನೇ ಈ ಹೊತ್ತು ಕೇಳುಗರ ಮುಂದಿಡುತ್ತಿದ್ದೇನೆ.

ಕೆಂಪೇಗೌಡರು 1537ರಲ್ಲಿ ಕಟ್ಟಿದರೆಂದು ಪ್ರತೀತಿಯಿರುವ ಪೇಟೆಯಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕಸುಬೇ ವಿಳಾಸವಾಗಿತ್ತು. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ: ಹೆಸರು ಕೇಳಿದರೆ ಸಾಕು, ಆ ಬೀದಿಯ ವಾಸನೆಯೂ ಸದ್ದೂ ಕಣ್ಣಮುಂದೆ ಬರುತ್ತವೆ. ಬರುವವನು ತನ್ನ ಕಸುಬಿನವರ ಬೀದಿಗೆ ಬಂದು ಸೇರುತ್ತಿದ್ದ. ಇದರಲ್ಲಿ ಆಸರೆಯೂ ಇತ್ತು, ಬೇಲಿಯೂ ಇತ್ತು. ಆ ಬೇಲಿಗಳನ್ನು ವರ್ಷಕ್ಕೊಂದು ರಾತ್ರಿ ದಾಟುವುದು ಕರಗ. ಚೈತ್ರ ಪೂರ್ಣಿಮೆಯಂದು ಧರ್ಮರಾಯನ ಗುಡಿಯಿಂದ ಹೊರಟು ಪೇಟೆಯ ಬೀದಿಗಳನ್ನೆಲ್ಲ ಸುತ್ತುತ್ತದೆ; ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾದಲ್ಲಿ ನಿಂತು ಮುಂದೆ ಸಾಗುತ್ತದೆ.

1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ತಮ್ಮ ಪಡೆಯನ್ನು ಇಲ್ಲಿಗೆ ತಂದು ಹಲಸೂರಿನ ಬಳಿ ಇಳಿಸಿದಾಗ ಎರಡನೆಯ ಊರೊಂದು ಹುಟ್ಟಿತು. ಜನರ ಬಾಯಲ್ಲಿ ಅದು ‘ದಂಡು’. ಅಲ್ಲಿ ವಾಸದ ಜಾಗವನ್ನು ನಿಶ್ಚಯಿಸುತ್ತಿದ್ದುದು ಹುದ್ದೆ ಮತ್ತು ಮೈಬಣ್ಣ. ಅಧಿಕಾರಿಗಳಿಗೆ ವಿಶಾಲವಾದ ಬಂಗಲೆ; ಅವರನ್ನು ನೆಚ್ಚಿ ಬಂದ ವರ್ತಕರಿಗೂ ಅಡಿಗೆಯವರಿಗೂ ಇಕ್ಕಟ್ಟಾದ ಬಜಾರು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿ ಬಂದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಒಂದೇ ಹೆಸರಿನ ಎರಡು ಊರು, ನಡುವೆ ಕಬ್ಬನ್ ಪಾರ್ಕು. ಎರಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ.

ನಾನು ಹೆಚ್ಚು ಹೊತ್ತು ನಿಂತದ್ದು ಮೂರನೆಯ ಅಧ್ಯಾಯದ ಮುಂದೆ. ಪೇಟೆಯ ಹೊರಗೆ ಅಚ್ಚುಕಟ್ಟಾಗಿ ನಕ್ಷೆ ಬರೆದು ಊರು ಬೆಳೆಸುವ ಕಾರ್ಯ 1892ರಲ್ಲಿ ಚಾಮರಾಜಪೇಟೆಯಿಂದ ಮೊದಲಾಯಿತು. ಬಸವನಗುಡಿ, ಮಲ್ಲೇಶ್ವರಗಳ ಆಲೋಚನೆಯೂ ಆ ದಶಕದ್ದೇ. ಆದರೆ ತಲೆತಲಾಂತರದಿಂದ ಬಾಳಿದ ಬೀದಿಯನ್ನು ಬಿಟ್ಟು ಅಷ್ಟು ದೂರ ಹೋಗುವವರು ಯಾರು? ಮಲ್ಲೇಶ್ವರವೆಂದರೆ ಕಾಡುಮಲ್ಲೇಶ್ವರ, ಹೆಸರಿನಲ್ಲೇ ಕಾಡಿತ್ತು. ಜನರನ್ನು ಹೊರಡಿಸಿದ್ದು ಸರ್ಕಾರದ ನಕ್ಷೆಗಿಂತ ಹೆಚ್ಚಾಗಿ ಪ್ಲೇಗು. 1898ರ ಆಗಸ್ಟಿನಲ್ಲಿ ಕಾಲಿಟ್ಟ ಆ ಮಾರಿ ಇಕ್ಕಟ್ಟಾದ ಪೇಟೆಯನ್ನು ಹಿಂಡಿಹಾಕಿತು. ಇಲಿ ಬಿದ್ದ ಮನೆಗೆ ಬೀಗ ಜಡಿದು, ಪಾತ್ರೆಪರಟಿ ಹೊತ್ತು, ಹೊರಬಯಲಿನ ಗುಡಿಸಲುಗಳಲ್ಲಿ ಜನ ದಿನ ನೂಕಿದರು. ಪೇಟೆ, ದಂಡುಗಳೆರಡೂ ಸೇರಿ 1891ರಲ್ಲಿ ಸುಮಾರು 1,80,000 ಇದ್ದ ಜನಸಂಖ್ಯೆ 1901ರಲ್ಲಿ ಸುಮಾರು 1,59,000ಕ್ಕೆ ಇಳಿಯಿತು. ಪ್ಲೇಗಮ್ಮನಿಗೆ ಗುಡಿಗಳು ಎದ್ದವು. ಹೊಸ ಬಡಾವಣೆಗಳ ಅಗಲವಾದ ರಸ್ತೆ, ಮನೆಯಿಂದ ಮನೆಗೆ ಬಿಟ್ಟ ಅಂತರ, ಗಾಳಿ ಬೆಳಕು ಇವೆಲ್ಲ ಪ್ರಾಣದ ಪ್ರಶ್ನೆಗೆ ಕೊಟ್ಟ ಉತ್ತರಗಳು. ದಂಡಿನ ಭಾಗದ ಫ್ರೇಜರ್ ಟೌನೂ ಪ್ಲೇಗಿನ ಭಯದಿಂದಲೇ ರೂಪು ತಳೆಯಿತು.

ಬಸವನಗುಡಿಯ ನೆರಳುಬೀದಿಗಳನ್ನು ಹಾಡಿ ಹೊಗಳುವ ನಮ್ಮ ಪ್ರಬಂಧಕಾರರು ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮನೆಗಳ ಬೆನ್ನಿಗೆ ಒಂದು ಸಣ್ಣ ಗಲ್ಲಿ ಇರುತ್ತಿತ್ತು. ಬೀದಿಯವರ ಕಣ್ಣಿಗೆ ಬೀಳದಂತೆ ಮಲದ ಬಕೆಟ್ಟು ಹೊರುವವರು ಹಿತ್ತಲಿನಿಂದಲೇ ಬಂದು ಹಿತ್ತಲಿನಿಂದಲೇ ಹೋಗಲೆಂದು ಬಿಟ್ಟ ದಾರಿ ಅದು. ಇನ್ನೊಂದು, ಈ ಬಡಾವಣೆಗಳ ನಕ್ಷೆಯಲ್ಲಿ ಜಾತಿಮತಗಳಿಗೆ ತಕ್ಕಂತೆ ಭಾಗಗಳನ್ನು ಗುರುತಿಸಿ ನಿವೇಶನ ಹಂಚಿದ್ದರೆಂಬುದು. ಪೇಟೆಯಲ್ಲಿ ರೂಢಿಯಿಂದ ಬಂದಿದ್ದ ಬೇಲಿಯನ್ನು ಇಲ್ಲಿ ಅಳತೆಪಟ್ಟಿ ಹಿಡಿದು ಎಳೆಯಲಾಯಿತು. ಆಧುನಿಕ ನಗರಯೋಜನೆಯ ಮೊದಲ ಪಾಠದಲ್ಲೇ ಹೀಗಾದುದು ನನಗೆ ಇಂದಿಗೂ ನೋವಿನ ವಿಷಯ.

ನೋವೆಂದದ್ದಕ್ಕೆ ಕಾರಣವಿದೆ. 1981ರಲ್ಲಿ ಎಂ.ಎ. ಓದಲು ಬಂದ ನಾನು ಕೋಣೆ ಹುಡುಕುತ್ತ ಒಂದು ಹಳೆಯ ಬಡಾವಣೆಯ ಮನೆಯ ಮುಂದೆ ನಿಂತೆ. ಗೇಟಿನಲ್ಲಿ ‘ಬಾಡಿಗೆಗೆ ಇದೆ’ ಎಂಬ ಹಲಗೆ. ಮನೆಯ ಹಿರಿಯಾಕೆ ಆದರದಿಂದಲೇ ಮಾತನಾಡಿಸಿದರು. “ಯಾವ ಕಡೆಯವರಪ್ಪಾ?” ಊರಿನ ಹೆಸರು ಹೇಳಿದೆ. “ಅದು ಊರಾಯಿತು. ನಿಮ್ಮ ಪೈಕಿ ಯಾವುದು?” ಅದನ್ನೂ ಹೇಳಿದೆ. ಆಕೆಯ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ, ಮುಜುಗರ ಕಂಡಿತು. “ಬೇಜಾರು ಮಾಡ್ಕೋಬೇಡಪ್ಪ, ನಿನ್ನೆ ತಾನೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿದ್ದೀವಿ” ಎಂದರು. ಆಮೇಲೆ ಒಂದು ತಿಂಗಳು ದಿನವೂ ಬಸ್ಸಿನ ಕಿಟಕಿಯಿಂದ ಆ ಹಲಗೆಯನ್ನು ನೋಡಿದೆ. ಅದು ಅಲ್ಲೇ ಇತ್ತು.

ಸ್ವಾತಂತ್ರ್ಯದ ಹೊತ್ತಿಗೆ ಈ ಲೆಕ್ಕ ಬದಲಾಗುವ ಸೂಚನೆಗಳಿದ್ದವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ಜಯನಗರ, ರಾಜಾಜಿನಗರಗಳು ತಲೆಯೆತ್ತಿದವು. 1976ರಲ್ಲಿ ಮಂಡಳಿಯ ಜಾಗಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅರ್ಜಿ ಹಾಕಿ ಕಾಯುವವರ ಸಾಲಿನಲ್ಲಿ ಗುಮಾಸ್ತರೂ ಕಾರ್ಖಾನೆಯ ನೌಕರರೂ ಒಟ್ಟಿಗೆ ನಿಂತರು. ಪೈಕಿಯ ಜಾಗಕ್ಕೆ ಅಳತೆ ಬಂತೆನ್ನಬೇಕು: ಇಪ್ಪತ್ತು ಮೂವತ್ತರವರು, ಮೂವತ್ತು ನಲವತ್ತರವರು, ಅರವತ್ತು ನಲವತ್ತರವರು! ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ.ಯಂಥ ಕಾರ್ಖಾನೆಗಳು ಕೆಲಸಗಾರರಿಗಾಗಿ ಕಟ್ಟಿದ ವಸತಿಗಳಲ್ಲಿ ನಾನಾ ಭಾಷೆಯವರು ಒಂದೇ ಗೋಡೆಯ ಆಚೀಚೆ ಸಂಸಾರ ಹೂಡಿದರು. 1951ರಲ್ಲಿ ಎಂಟು ಲಕ್ಷಕ್ಕೂ ಕಡಿಮೆಯಿದ್ದ ಊರು 2011ರಲ್ಲಿ 84 ಲಕ್ಷವನ್ನು ಮೀರಿತು. ಹೊಸಬನು ಈಗ ಮೊದಲು ಕೇಳುವುದು ಕಚೇರಿಗೆ ಎಷ್ಟು ದೂರವೆಂದು. ನನ್ನ ಮಗಳ ಕಚೇರಿ ವೈಟ್‌ಫೀಲ್ಡಿನಲ್ಲಿದೆ. 1882ರಲ್ಲಿ ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರಿಗೆಂದೇ ಬೇರೆಯಾಗಿ ಹುಟ್ಟಿದ ಹಳ್ಳಿ ಅದೆಂದು ಹೇಳಿದರೆ ಅವಳು ನಂಬಲೊಲ್ಲಳು.

ಮಗಳು ಮೊದಲು ತೋರಿಸಿದ್ದು ಅತ್ತ ಕಡೆಯ ಬಹುಮಹಡಿ ಮನೆಗಳನ್ನೇ. ಇಲ್ಲಿ ನನ್ನ ಕನ್ನಡ ಪಾಂಡಿತ್ಯ ಒಂದಿಷ್ಟು ಉಪಯೋಗಕ್ಕೆ ಬಂತು. ಹೆಸರಿನ ಕೊನೆಯಲ್ಲಿ ಕೆರೆ, ಕುಂಟೆ ಎಂದಿದ್ದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಬೊಮ್ಮಸಂದ್ರ, ಸಿಂಗಸಂದ್ರಗಳ ‘ಸಂದ್ರ’ವೂ ಸಮುದ್ರವೇ. ನಮ್ಮ ಹಿಂದಿನವರು ದೊಡ್ಡ ಕೆರೆ ಕಟ್ಟಿಸಿದರೆ ಅದನ್ನು ಸಮುದ್ರವೆಂದೇ ಕರೆದರು. ಧರ್ಮಾಂಬುಧಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನೆಲ ಮರೆತರೂ ನೀರು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರಿನ ಸುತ್ತ ಕೋಟಿ ಬೆಲೆಯ ಮನೆಗಳವರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಮಗಳು ತೋರಿಸಿದ ಮನೆ ಚೆನ್ನಾಗಿತ್ತು. ಕಿಟಕಿಯಿಂದ ನೋಡಿದೆ. ಹಳೆಯ ಕೆರೆಯ ಏರಿ ಕಾಣುತ್ತಿತ್ತು. ನಾವು ನಿಂತದ್ದು ಏರಿಯ ಒಳಮಗ್ಗುಲಿಗೆ.

ಇನ್ನೆರಡು ಕಡೆ ಫೋನಿನಲ್ಲಿ ಮಾತಾಯಿತು. ‘ಪೈಕಿ’ ಎಂಬ ಶಬ್ದವನ್ನು ಈಗ ಯಾರೂ ಆಡುವುದಿಲ್ಲ. “ಶುದ್ಧ ಸಸ್ಯಾಹಾರಿಗಳೇ ತಾನೆ, ಸಾರ್?” ಎನ್ನುತ್ತಾರೆ. ನಾಲ್ಕು ದಶಕಗಳಲ್ಲಿ ಆ ಹಿರಿಯಾಕೆಯ ಪ್ರಶ್ನೆ ಇಷ್ಟು ಮಾತ್ರ ಉಡುಪು ಬದಲಾಯಿಸಿದೆ. ನನ್ನ ಮಡದಿ ಫೋನನ್ನು ತನ್ನ ಕೈಗೆ ತೆಗೆದುಕೊಂಡು, “ಮನೆ ಬೇಡ ಬಿಡಿ” ಎಂದಳು.

ಕೊನೆಗೆ ನಾವು ನೋಡಿದ್ದು ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿ. ಸಾಹಿತ್ಯ ಪರಿಷತ್ತು ನಡೆದು ಹೋಗುವಷ್ಟು ದೂರ. ಮೆಟ್ರೋ ಇರುವುದರಿಂದ ಮಗಳಿಗೂ ವೈಟ್‌ಫೀಲ್ಡು ತೀರ ದುಸ್ತರವಲ್ಲ. ಮೆಟ್ಟಿಲು ಕಡಿದಾಗಿದ್ದವು. ಮನೆಯ ಯಜಮಾನರು ನನಗಿಂತ ಹಿರಿಯರು. ಕೋಣೆಗಳನ್ನು ತೋರಿಸಿ, ಕುರ್ಚಿಯಲ್ಲಿ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ವಿಷಯ ಕೇಳ್ತೀನಿ” ಎಂದರು. ನಾನು ಉತ್ತರಕ್ಕೆ ಸಿದ್ಧನಾದೆ.

“ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಬೆಳಗಿನ ಜಾವ. ಎದ್ದು ಹಿಡ್ಕೋತೀರಾ?”

ಮತ್ತೇನಾದರೂ ಕೇಳುವರೆಂದು ಕಾದೆ. ಅವರು ಕೇಳಲಿಲ್ಲ. “ಹಿಡ್ಕೋತೀವಿ” ಎಂದಳು ನನ್ನ ಮಡದಿ.